ಕಾಲು ನೆಲ ಬಿಡದ ಓಟ

ಕುದುರೆ ಮೇಲೆ ಕೂತು ಐದು ನಿಮಿಷ ಕುಕ್ಕುಲೋಟ ಹೋದವರಿಗೆ ಬೆನ್ನಿನ ಕಷ್ಟ ಏನು ಅಂತ ಚೆನ್ನಾಗಿ ಗೊತ್ತಿರುತ್ತದೆ. ಕುದುರೆ ಮೇಲಕ್ಕೆದ್ದಾಗ ನಾವೂ ಏಳುತ್ತೇವೆ. ಅದು ಇಳಿದು ಮತ್ತೆ ಏಳುವ ಹೊತ್ತಿಗೆ ನಾವಿನ್ನೂ ಇಳಿಯುತ್ತಿರುತ್ತೇವೆ. ಜೀನು ಬಂದು ಸೊಂಟಕ್ಕೆ ಗುದ್ದುತ್ತದೆ. ಇದನ್ನು ತಪ್ಪಿಸೋಕೆ ಅಂತಲೇ ಸವಾರಿ ಶಾಲೆಗಳಲ್ಲಿ ರಿಕಾಪಿನ ಮೇಲೆ ಕಾಲೂರಿ, ಒಂದು ಹೆಜ್ಜೆಗೆ ಎದ್ದು ಇನ್ನೊಂದಕ್ಕೆ ಕೂರುವುದನ್ನು ಕಲಿಸುತ್ತಾರೆ. ಅಭ್ಯಾಸವಿಲ್ಲದವರು ಅರ್ಧ ಗಂಟೆ ಹೀಗೆ ಎದ್ದು ಕೂತರೆ ತೊಡೆ ನಡುಗುತ್ತದೆ.

ಇದರಲ್ಲಿ ಕುದುರೆಯ ತಪ್ಪೇನಿಲ್ಲ. ಕುಕ್ಕುಲೋಟದ ಲೆಕ್ಕವೇ ಹಾಗೆ. ಮುಂದಿನ ಎಡಗಾಲು, ಹಿಂದಿನ ಬಲಗಾಲು ಒಟ್ಟಿಗೆ ನೆಲ ಮುಟ್ಟುತ್ತವೆ. ಆಮೇಲೆ ಮುಂದಿನ ಬಲಗಾಲು, ಹಿಂದಿನ ಎಡಗಾಲು. ಈ ಎರಡು ಜೋಡಿಗಳ ನಡುವೆ ಒಂದು ಕ್ಷಣ ನಾಲ್ಕೂ ಕಾಲು ಗಾಳಿಯಲ್ಲಿರುತ್ತವೆ. ಅಷ್ಟು ದೊಡ್ಡ ಮೈ ಗಾಳಿಗೆ ಎದ್ದು ನೆಲಕ್ಕೆ ಇಳಿದರೆ ಬೆನ್ನ ಮೇಲೆ ಕೂತವರಿಗೆ ಏಟು ಬೀಳದೆ ಇರುತ್ತದಾ?

ಆದರೆ ಕೆಲವು ತಳಿಯ ಕುದುರೆಗಳು ಬೇರೆ ಥರ ಓಡುತ್ತವೆ. ಅವುಗಳಲ್ಲಿ ನನ್ನ ಮನಸ್ಸು ಹೋಗಿ ನಿಂತಿರುವುದು ಐಸ್‌ಲ್ಯಾಂಡಿನ ಕುದುರೆಯ ಮೇಲೆ. ಅದರ ವಿಶೇಷ ನಡೆಗೆ ಟೋಲ್ಟ್ ಅಂತ ಹೆಸರು.

ನೋಡೋಕೆ ಚಿಕ್ಕ ಕುದುರೆ. ಹೆಗಲ ಹತ್ತಿರ ಅಳೆದರೆ ಸಾಮಾನ್ಯವಾಗಿ 132ರಿಂದ 142 ಸೆಂಟಿಮೀಟರ್. ಕುತ್ತಿಗೆ ದಪ್ಪ, ಎದೆ ಅಗಲ. ಕಣ್ಣು ಮುಚ್ಚುವಷ್ಟು ಜುಟ್ಟು, ಚಳಿಗಾಲದಲ್ಲಿ ಮೈತುಂಬಾ ಒತ್ತಾದ ರೋಮ. ಹೊರಗಿನವರು ನೋಡಿದ ತಕ್ಷಣ ಪೋನಿ ಅಂತಾರೆ. ಐಸ್‌ಲ್ಯಾಂಡಿನವರು ಹಾಗನ್ನೋದಿಲ್ಲ, ಅವರಿಗೆ ಅದು ಕುದುರೆಯೇ. ಆರಡಿ ಎತ್ತರದ ಗಂಡಸನ್ನು ಹೊತ್ತುಕೊಂಡು ಕಲ್ಲುಮಣ್ಣಿನ ದಾರಿಯಲ್ಲಿ ಗಂಟೆಗಟ್ಟಲೆ ಹೋಗುವುದನ್ನು ನೋಡಿದರೆ ನಾವೂ ಹಾಗೇ ಹೇಳುತ್ತೇವೆ.

ಸಾಮಾನ್ಯ ಕುದುರೆಗೆ ನಡಿಗೆ, ಕುಕ್ಕುಲೋಟ, ನಾಗಾಲೋಟ ಗೊತ್ತು. ಐಸ್‌ಲ್ಯಾಂಡಿನ ಕುದುರೆಗೆ ಇವುಗಳ ಜೊತೆಗೆ ಟೋಲ್ಟ್ ಬರುತ್ತದೆ. ಕೆಲವಕ್ಕೆ ಐದನೆಯದೂ ಬರುತ್ತದೆ. ಅದು ಸ್ಕೇಯ್ದ್. ಒಂದೇ ಪಕ್ಕದ ಎರಡು ಕಾಲುಗಳನ್ನು ಒಟ್ಟಿಗೆ ಚಾಚಿ, ಹೆಚ್ಚುಕಡಿಮೆ ಹಾರುತ್ತಾ ಹೋಗುವ ವೇಗದ ಓಟ. ಅದನ್ನು ನೂರರಿಂದ ಇನ್ನೂರೈವತ್ತು ಮೀಟರಿನಷ್ಟು ದೂರಕ್ಕೆ ಮಾತ್ರ ಓಡಿಸುತ್ತಾರೆ. ಅದರ ಕಥೆ ಬೇರೆ, ಈಗ ಬೇಡ.

ಟೋಲ್ಟ್‌ನಲ್ಲಿ ಕಾಲು ಬೀಳುವ ಕ್ರಮ ಮಾಮೂಲಿ ನಡಿಗೆಯದ್ದೇ. ಹಿಂದಿನ ಎಡ, ಮುಂದಿನ ಎಡ, ಹಿಂದಿನ ಬಲ, ಮುಂದಿನ ಬಲ. ಒಂದಾದ ಮೇಲೆ ಒಂದು, ಸಮನಾದ ನಾಲ್ಕು ಪೆಟ್ಟು. ನಡೆಯುವಾಗ ನೆಲದ ಮೇಲೆ ಎರಡೋ ಮೂರೋ ಕಾಲು ಇರುತ್ತವೆ. ಟೋಲ್ಟ್‌ನಲ್ಲಿ ಒಮ್ಮೆ ಒಂದು, ಒಮ್ಮೆ ಎರಡು. ಆದರೆ ಒಂದು ಕಾಲಂತೂ ನೆಲ ಹಿಡಿದೇ ಇರುತ್ತದೆ. ಇಡೀ ಮೈ ಗಾಳಿಗೆ ಏಳುವ ಕ್ಷಣವೇ ಇಲ್ಲ. ಏಳದಿದ್ದ ಮೇಲೆ ಬೀಳುವ ಪ್ರಶ್ನೆ ಎಲ್ಲಿ ಬಂತು? ಸವಾರನ ಸುಖದ ಗುಟ್ಟು ಇಷ್ಟೇ.

ಇದೇ ಕ್ರಮದಲ್ಲಿ ಕುದುರೆ ನಿಧಾನವಾಗಿಯೂ ಹೋಗುತ್ತದೆ, ನಾಗಾಲೋಟದ ಹತ್ತಿರದ ವೇಗಕ್ಕೂ ಏರುತ್ತದೆ. ವೇಗ ಹೆಚ್ಚಿದಾಗ ತಾಳ ಕೆಡುವುದಿಲ್ಲ, ಹೆಜ್ಜೆ ಉದ್ದವಾಗುತ್ತದೆ. ಕಿವಿಯಲ್ಲೇ ಇದನ್ನು ಗುರುತಿಸಬಹುದು. ಕುಕ್ಕುಲೋಟ ಎರಡೇ ಪೆಟ್ಟು. ಟೋಲ್ಟ್ ಅಂದರೆ ತ-ಕ-ಧಿ-ಮಿ, ತ-ಕ-ಧಿ-ಮಿ, ನಡುವೆ ಎಲ್ಲೂ ಅಂತರ ಹೆಚ್ಚುಕಡಿಮೆ ಆಗಬಾರದು. ಒಳ್ಳೆಯ ತರಬೇತುದಾರರು ಅಂಗಳದ ಕಡೆ ಬೆನ್ನು ತಿರುಗಿಸಿ ನಿಂತುಕೊಂಡೇ ಕುದುರೆ ತಪ್ಪುತ್ತಿದೆಯೋ ಇಲ್ಲವೋ ಅಂತ ಹೇಳಬಲ್ಲರು. ಒಂದೇ ಪಕ್ಕದ ಎರಡು ಕಾಲು ತೀರಾ ಹತ್ತಿರ ಬಿದ್ದರೆ ಕುದುರೆ ಅಕ್ಕಪಕ್ಕ ತೊನೆಯೋಕೆ ಶುರು ಮಾಡುತ್ತದೆ. ಓರೆಜೋಡಿ ಕಾಲುಗಳು ಹತ್ತಿರ ಬಂದರೆ ಕುಕ್ಕುಲೋಟದ ಕುಲುಕಾಟ ಇಣುಕುತ್ತದೆ. ಈ ಎರಡರ ಮಧ್ಯದ ಜಾಗದಲ್ಲಿ ಕುದುರೆಯನ್ನು ಹಿಡಿದಿಡುವುದು ವರ್ಷಗಟ್ಟಲೆ ಕಲಿಯಬೇಕಾದ ಕೆಲಸ.

ಈ ನಡೆಯನ್ನು ಜನರಿಗೆ ತೋರಿಸೋಕೆ ಒಂದು ಆಟವನ್ನೇ ಮಾಡಿಕೊಂಡಿದ್ದಾರೆ. ಸವಾರ ಒಂದು ಕೈಯಲ್ಲಿ ಲಗಾಮು, ಇನ್ನೊಂದು ಕೈಯಲ್ಲಿ ತುಂಬಿದ ಬಿಯರ್ ಲೋಟ ಹಿಡಿದು ಟೋಲ್ಟ್‌ನಲ್ಲಿ ಸುತ್ತು ಹಾಕಬೇಕು. ಕೊನೆಗೆ ಯಾರ ಲೋಟದಲ್ಲಿ ಜಾಸ್ತಿ ಉಳಿದಿರುತ್ತದೋ ಅವರು ಗೆದ್ದ ಹಾಗೆ.

ನನಗೆ ಇದರ ಮೇಲೆ ಕೂರುವ ಭಾಗ್ಯ ಸಿಕ್ಕಿದ್ದು ಉತ್ತರ ಐಸ್‌ಲ್ಯಾಂಡಿನ ಸ್ಕಾಗಾಫ್ಯೋರ್ದುರ್ ಕಣಿವೆಯಲ್ಲಿ. ಕುದುರೆ ಸಾಕಣೆಗೆ ಹೆಸರಾದ ಸೀಮೆ ಅದು. ನನಗೆ ಕೊಟ್ಟಿದ್ದು ಒಂದು ಕಂದು ಬಣ್ಣದ, ವಯಸ್ಸಾದ, ತುಂಬಾ ತಾಳ್ಮೆಯ ಹೆಣ್ಣು ಕುದುರೆ. ಮೊದಲು ನಡಿಗೆ. ಆಮೇಲೆ ಮುಂದೆ ಹೋಗುತ್ತಿದ್ದ ಮನೆಯ ಯಜಮಾನಿ ತಿರುಗಿ ನೋಡಿ, ಸ್ವಲ್ಪ ಹಿಂದಕ್ಕೆ ಕೂತು ಕೈ ತುಸು ಮೇಲೆತ್ತಿ ಅಂದರು. ಅಷ್ಟೇ ಮಾಡಿದ್ದು. ನನ್ನ ಕೆಳಗಿದ್ದ ಬೆನ್ನು ಬದಲಾಯಿತು. ಹಿಂಭಾಗ ತುಸು ತಗ್ಗಿದ ಹಾಗೆ, ಹೆಗಲು ಎದ್ದ ಹಾಗೆ ಅನ್ನಿಸಿತು. ಗೊರಸಿನ ಸದ್ದು ಒಮ್ಮೆಲೇ ಒತ್ತೊತ್ತಾಗಿ ಕೇಳೋಕೆ ಶುರುವಾಯಿತು. ಗಾಳಿ ಮುಖಕ್ಕೆ ಬಡಿಯಿತು. ಆದರೆ ನಾನು ಅಲುಗುತ್ತಲೇ ಇರಲಿಲ್ಲ.

ಸಂಜೆಯ ಇಳಿಬಿಸಿಲು. ನಮ್ಮ ನೆರಳು ಪಕ್ಕದ ಹುಲ್ಲಿನ ಮೇಲೆ ಉದ್ದಕ್ಕೆ ಬಿದ್ದು ಜೊತೆಗೇ ಓಡುತ್ತಿತ್ತು. ನಾನು ಆ ನೆರಳನ್ನೇ ನೋಡುತ್ತಾ ಹೋದೆ. ಕೆಳಗೆ ನಾಲ್ಕು ಕಾಲುಗಳ ನೆರಳು ಕತ್ತರಿಯ ಥರ ತೆರೆದು ಮುಚ್ಚುತ್ತಿದೆ, ಬಾಲ ಅಲೆಅಲೆಯಾಗಿ ತೂಗುತ್ತಿದೆ, ಮೇಲೆ ನನ್ನ ತಲೆಯ ನೆರಳು ಮಾತ್ರ ಗೆರೆ ಎಳೆದ ಹಾಗೆ ಒಂದೇ ಮಟ್ಟದಲ್ಲಿ ಹೋಗುತ್ತಿದೆ. ದಾರಿಯಲ್ಲಿ ಒಂದು ತಗ್ಗು ಬಂತು. ಕುದುರೆ ಅದನ್ನು ತನ್ನ ಕಾಲಿನಲ್ಲೇ ನುಂಗಿಕೊಂಡಿತು, ನನ್ನ ತನಕ ಬಿಡಲಿಲ್ಲ. ನನ್ನ ಬೆನ್ನಿಗೆ ಬೀಳಬೇಕಿದ್ದ ಏಟನ್ನೆಲ್ಲ ಈ ಪ್ರಾಣಿ ತನ್ನ ಹಿಂಗಾಲಿನಲ್ಲಿ, ತನ್ನ ಬೆನ್ನಿನಲ್ಲಿ ತಡೆದುಕೊಳ್ಳುತ್ತಿದೆ ಅಂತ ಆಗ ಹೊಳೆಯಿತು. ಮನಸ್ಸು ತುಂಬಿ ಬಂತು. ಕುತ್ತಿಗೆ ಸವರಿದೆ, ಬೇರೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ.

ಇಂಥ ನಡೆ ಐಸ್‌ಲ್ಯಾಂಡಿನಲ್ಲಿ ಯಾಕೆ ಉಳಿಯಿತು? ನನಗೆ ಎಲ್ಲಕ್ಕಿಂತ ಹೆಚ್ಚು ಕಾಡಿದ ಪ್ರಶ್ನೆ ಇದು.

ಒಂದು ಕಾಲದಲ್ಲಿ ಯುರೋಪಿನ ತುಂಬಾ ಹೀಗೆ ಕುಲುಕದೆ ಓಡುವ ಕುದುರೆಗಳಿದ್ದವು. ಮಧ್ಯಯುಗದಲ್ಲಿ ದೂರ ಪ್ರಯಾಣ ಹೊರಟ ಪಾದ್ರಿ, ಹೆಂಗಸರು, ಉಳ್ಳವರು ಅವನ್ನೇ ಹುಡುಕಿ ಕೊಳ್ಳುತ್ತಿದ್ದರು. ದಿನವಿಡೀ ಜೀನಿನ ಮೇಲೆ ಕೂರುವವರಿಗೆ ಬೇರೆ ದಾರಿ ಏನಿತ್ತು? ಆಮೇಲೆ ರಸ್ತೆಗಳು ಸುಧಾರಿಸಿದವು, ಸಾರೋಟು ಬಂದವು. ಜನ ಕುದುರೆಯ ಬೆನ್ನಿನಿಂದ ಇಳಿದು ಗಾಲಿಯ ಮೇಲೆ ಹೋಗಿ ಕೂತರು. ಗಾಡಿ ಎಳೆಯೋಕೆ ಕುಕ್ಕುಲೋಟದ ಕುದುರೆಯೇ ಸಾಕು. ನಮ್ಮ ಮೈಸೂರಿನ ಟಾಂಗಾವನ್ನೇ ನೋಡಿ. ಕುದುರೆ ಎಷ್ಟು ಕುಲುಕಿದರೂ ಸೀಟಿನಲ್ಲಿ ಕೂತವರಿಗೆ ಅದು ತಟ್ಟುವುದಿಲ್ಲ. ಇನ್ನು ಯುದ್ಧಕ್ಕೆ, ಪಂದ್ಯಕ್ಕೆ ಬೇಕಾಗಿದ್ದು ನಾಗಾಲೋಟ. ಹೀಗೆ ಮೆತ್ತನೆಯ ನಡೆಯನ್ನು ಕೇಳುವವರೇ ಇಲ್ಲವಾದರು. ಕೇಳುವವರಿಲ್ಲದ ಮೇಲೆ ಅಂಥ ಕುದುರೆಗಳಿಂದ ಮರಿ ಹಾಕಿಸುವವರೂ ಇಲ್ಲವಾದರು.

ಐಸ್‌ಲ್ಯಾಂಡಿನಲ್ಲಿ ರಸ್ತೆಯೇ ಇರಲಿಲ್ಲ. ಲಾವಾ ಬಯಲು, ಕೆಸರು ಹುಲ್ಲುಗಾವಲು, ಹಿಮನದಿಯಿಂದ ಇಳಿದು ದಿನಕ್ಕೊಂದು ಕಡೆ ಹರಿಯುವ ಹೊಳೆಗಳು. ಗಾಲಿ ಉರುಳುವ ನೆಲವೇ ಅಲ್ಲ ಅದು. ಸಾವಿರ ವರ್ಷ ಅಲ್ಲಿ ಎಲ್ಲವೂ ಕುದುರೆ ಬೆನ್ನ ಮೇಲೆಯೇ ಹೋಯಿತು. ಒಣಹುಲ್ಲು, ಉಣ್ಣೆ, ಒಣಮೀನು, ಟಪಾಲು, ಡಾಕ್ಟರು, ಸೂಲಗಿತ್ತಿ, ಮದುವೆ ಹೆಣ್ಣು, ಶವಪೆಟ್ಟಿಗೆ. ಹಿಮನದಿಯ ಹೊಳೆ ದಾಟೋಕೆ ಅಂತಲೇ ಪಳಗಿದ ಕುದುರೆಗಳಿರುತ್ತಿದ್ದವು. ದೇಶವನ್ನು ಸುತ್ತುವ ಹೆದ್ದಾರಿ ಪೂರ್ತಿಯಾಗಿದ್ದು 1974ರಲ್ಲಿ, ದಕ್ಷಿಣದ ಮರಳುಬಯಲಿನ ಹೊಳೆಗಳಿಗೆ ಸೇತುವೆ ಬಿದ್ದ ಮೇಲೆ. ಅಂದರೆ ನಮ್ಮ ಅಪ್ಪ ಅಮ್ಮಂದಿರ ಕಾಲದ ಮಾತು.

ಬೇರೆ ಕಡೆ ನೋಡಿದರೂ ಲೆಕ್ಕ ಇದೇ. ಸ್ಪೇನಿನವರು 16ನೇ ಶತಮಾನದಿಂದ ಅಮೆರಿಕ ಖಂಡಕ್ಕೆ ಒಯ್ದ ಕುದುರೆಗಳಿಂದ ಪೆರುವಿನ ಪಾಸೊ ಬಂತು, ಕೊಲಂಬಿಯ, ಪೋರ್ಟೊ ರಿಕೊ ಕಡೆಯ ಪಾಸೊ ಫಿನೊ ಬಂತು. ವಿಶಾಲವಾದ ತೋಟಗಳನ್ನು ಬೆಳಗಿನಿಂದ ಸಂಜೆ ತನಕ ಸುತ್ತುವವರಿಗೆ ಮೆತ್ತನೆಯ ಬೆನ್ನು ಬೇಕಿತ್ತು. ಅಮೆರಿಕದ ಟೆನೆಸ್ಸಿ ವಾಕರ್ ಹುಟ್ಟಿದ್ದೂ ಅಂಥ ತೋಟಗಳ ಸೀಮೆಯಲ್ಲೇ. ನಮ್ಮ ರಾಜಸ್ಥಾನದ ಮಾರ್ವಾಡಿ ಕುದುರೆಗಳಲ್ಲಿ ಕೆಲವಕ್ಕೆ ರೇವಾಲ್ ಅನ್ನುವ ಮೆತ್ತನೆಯ ನಡೆ ಇದೆ. ಅಲ್ಲಿಯೂ ಮರಳುಗಾಡಿನ ದೂರದ ದಾರಿ. ಎಲ್ಲಿ ಮನುಷ್ಯ ಜೀನು ಬಿಟ್ಟು ಇಳಿಯುವಂತಿರಲಿಲ್ಲವೋ ಅಲ್ಲೆಲ್ಲ ಈ ನಡೆ ಉಳಿದಿದೆ. ಇದನ್ನು ಕಾಪಾಡಿದ್ದು ಚೆಂದದ ಮೇಲಿನ ಆಸೆಗಿಂತ ಹೆಚ್ಚಾಗಿ ಬೆನ್ನುನೋವು ಅಂತಲೇ ನಾನು ನಂಬಿದ್ದೇನೆ.

ಇದರ ಬೇರು ಕುದುರೆಯ ರಕ್ತದಲ್ಲೇ ಇದೆ ಅಂತ ಗೊತ್ತಾಗಿದ್ದು ತೀರಾ ಈಚೆಗೆ. ಸ್ವೀಡನ್ನಿನ ಉಪ್ಸಲಾದ ಲೀಫ್ ಆಂಡರ್ಸನ್ ಅವರ ತಂಡ 70 ಐಸ್‌ಲ್ಯಾಂಡ್ ಕುದುರೆಗಳ ಡಿಎನ್‌ಎ ಹೋಲಿಸಿ ನೋಡಿ 2012ರಲ್ಲಿ ಫಲಿತಾಂಶ ಪ್ರಕಟಿಸಿತು. ಡಿಎಂಆರ್‌ಟಿ3 ಅನ್ನುವ ವಂಶವಾಹಿಯಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾಗಿದೆ. ಅದರಿಂದ ಆ ವಂಶವಾಹಿ ಮಾಡಿಕೊಡುವ ಪ್ರೋಟೀನ್ ಅರ್ಧದಲ್ಲೇ ನಿಂತುಹೋಗುತ್ತದೆ. ಈ ಪ್ರೋಟೀನ್ ಕೆಲಸ ಮಾಡುವುದು ಬೆನ್ನುಹುರಿಯ ಕೆಲವು ನರಕೋಶಗಳಲ್ಲಿ. ಎಡಗಾಲು ಬಲಗಾಲುಗಳ ಹೊಂದಾಣಿಕೆ ನೋಡಿಕೊಳ್ಳುವ ಕೋಶಗಳು ಅವು. ಪ್ರೋಟೀನ್ ಮೊಟಕಾದಾಗ ಆ ಹೊಂದಾಣಿಕೆಯ ಬಿಗಿ ಸಡಿಲವಾಗಿ, ಕಾಲುಗಳಿಗೆ ಬೇರೆ ಕ್ರಮದಲ್ಲಿ ಓಡುವ ದಾರಿ ತೆರೆಯುತ್ತದೆ. ಕೆಟ್ಟುಹೋದ ಒಂದು ಅಕ್ಷರದಿಂದ ಇಷ್ಟು ಚೆಂದದ ನಡೆ!

ತಂದೆ ತಾಯಿ ಇಬ್ಬರಿಂದಲೂ ಈ ಬದಲಾವಣೆ ಬಂದಿದ್ದರೆ ಕುದುರೆಗೆ ಸ್ಕೇಯ್ದ್ ಕೂಡ ಬರುವ ಸಾಧ್ಯತೆ ಹೆಚ್ಚು. ಆದರೆ ಅದಕ್ಕೆ ಬೆಲೆ ತೆರಬೇಕು. ಅಂಥವುಗಳ ಕುಕ್ಕುಲೋಟ, ನಾಗಾಲೋಟ ಅಷ್ಟು ಚೆನ್ನಾಗಿರುವುದಿಲ್ಲ. ಒಬ್ಬರಿಂದ ಮಾತ್ರ ಬಂದಿದ್ದರೆ ಉಳಿದ ಓಟಗಳು ಚೆನ್ನಾಗಿದ್ದು ಟೋಲ್ಟ್ ಕೂಡ ಬರಬಹುದು. 2014ರ ಒಂದು ದೊಡ್ಡ ಅಧ್ಯಯನದಲ್ಲಿ ಪ್ರಪಂಚದ 141 ತಳಿಗಳನ್ನು ನೋಡಿದಾಗ 68ರಲ್ಲಿ ಈ ಬದಲಾವಣೆ ಸಿಕ್ಕಿತು. ಪಾಸೊಗಳಲ್ಲೂ ಇದೆ, ಟೆನೆಸ್ಸಿಯವುಗಳಲ್ಲೂ ಇದೆ.

ಹಾಗಾದರೆ ಇದು ಶುರುವಾಗಿದ್ದು ಎಲ್ಲಿ? 2016ರಲ್ಲಿ ಹಳೆಯ ಕುದುರೆ ಮೂಳೆಗಳ ಡಿಎನ್‌ಎ ತೆಗೆದು ನೋಡಿದವರಿಗೆ ಎಲ್ಲಕ್ಕಿಂತ ಹಳೆಯ ಗುರುತು ಸಿಕ್ಕಿದ್ದು ಇಂಗ್ಲೆಂಡಿನ ಯಾರ್ಕ್ ಊರಿನಲ್ಲಿ. ಕ್ರಿ.ಶ. 850ರಿಂದ 900ರ ನಡುವಿನ ಎರಡು ಕುದುರೆಗಳಲ್ಲಿ. ಐಸ್‌ಲ್ಯಾಂಡಿನ 9ರಿಂದ 11ನೇ ಶತಮಾನದ ಮೂಳೆಗಳಲ್ಲಿ ಹೆಚ್ಚಿನವುಗಳಲ್ಲೂ ಅದು ಇತ್ತು. ಆದರೆ ಅದೇ ಕಾಲದ ಸ್ಕ್ಯಾಂಡಿನೇವಿಯದ ಮೂಳೆಗಳಲ್ಲಿ ಸಿಗಲಿಲ್ಲ. ಅಂದರೆ ಸ್ಕ್ಯಾಂಡಿನೇವಿಯದ ಕಡಲಯಾನಿಗಳಾದ ವೈಕಿಂಗರು ಇಂಗ್ಲೆಂಡಿನ ಕಡೆ ಈ ಕುದುರೆಗಳನ್ನು ಕಂಡು, ಅವುಗಳ ಬೆನ್ನಿನ ಸುಖ ಅರಿತು, ಆರಿಸಿಕೊಂಡು ಹಡಗಿನಲ್ಲಿ ಹೇರಿಕೊಂಡು ಐಸ್‌ಲ್ಯಾಂಡಿಗೆ ಹೋಗಿರಬೇಕು ಅನ್ನುವುದು ಆ ಸಂಶೋಧಕರ ಊಹೆ. ತೆರೆದ ಹಡಗು, ಉತ್ತರ ಅಟ್ಲಾಂಟಿಕ್ ಸಮುದ್ರ. ಜಾಗ ಎಷ್ಟಿರುತ್ತದೆ ಹೇಳಿ? ಬಲು ಯೋಚಿಸಿ ಆರಿಸಿದ ಕುದುರೆಗಳೇ ಹೋಗಿರುತ್ತವೆ.

ಕುದುರೆಯ ಮೇಲೆ ಅವರಿಗಿದ್ದ ಮೋಹ ಅವರ ಹಳೆಯ ಕಥೆಗಳಲ್ಲಿ ತುಂಬಿದೆ. ನನಗೆ ಇಷ್ಟವಾಗಿದ್ದು ಫ್ಲೂಗಾ ಅನ್ನುವ ಹೆಣ್ಣು ಕುದುರೆಯದ್ದು. ನಾನು ಸವಾರಿ ಮಾಡಿದ ಅದೇ ಸ್ಕಾಗಾಫ್ಯೋರ್ದುರ್ ತೀರಕ್ಕೆ ಜಾನುವಾರು ತುಂಬಿದ ಹಡಗೊಂದು ಬಂತು. ಇಳಿಸುವಾಗ ಅದರಲ್ಲಿದ್ದ ಒಂದು ಎಳೆಯ ಹೆಣ್ಣು ಕುದುರೆ ತಪ್ಪಿಸಿಕೊಂಡು ಕಾಡು ಸೇರಿತು. ಥೋರಿರ್ ಅನ್ನುವವನು, ಸಿಕ್ಕರೆ ಸಿಗಲಿ ಅಂತ, ಕಳೆದುಹೋದ ಆ ಕುದುರೆಯನ್ನೇ ದುಡ್ಡು ಕೊಟ್ಟು ಕೊಂಡ. ಸಿಕ್ಕಿತು. ಅದರಂಥ ಓಟಗಾರ ಕುದುರೆ ಇನ್ನೊಂದಿರಲಿಲ್ಲವಂತೆ. ಮುಂದೆ ಒಬ್ಬ ಅವನ ಜೊತೆ ಪಂದ್ಯ ಕಟ್ಟಿದ. ಫ್ಲೂಗಾ ತುದಿ ಮುಟ್ಟಿ ಹಿಂದಿರುಗಿ ಬರುವಾಗ ಎದುರಾಳಿ ಇನ್ನೂ ಅರ್ಧ ದಾರಿಯಲ್ಲಿದ್ದ.

ಹೀಗೆ ಹೋದ ಕುದುರೆಗಳ ಜೊತೆ ಹೊರಗಿನ ರಕ್ತ ಬೆರೆಯಲಿಲ್ಲ. 982ರಲ್ಲೇ ಅವರ ಸಭೆ ಆಲ್ಥಿಂಗ್ ಹೊರಗಿನ ಕುದುರೆ ತರುವುದನ್ನು ನಿಲ್ಲಿಸಿತು ಅಂತ ಹೇಳುತ್ತಾರೆ. ಇವತ್ತಿಗೂ ಕಾನೂನು ಹಾಗೇ ಇದೆ. ಹೊರಗಿನ ಕುದುರೆ ಒಳಗೆ ಬರುವಂತಿಲ್ಲ. ಐಸ್‌ಲ್ಯಾಂಡಿನಲ್ಲೇ ಹುಟ್ಟಿದ ಕುದುರೆಯಾದರೂ ಒಮ್ಮೆ ಹೊರಗೆ ಹೋದರೆ ಮುಗಿಯಿತು, ವಾಪಸ್ ಬರುವಂತಿಲ್ಲ. ಕಾರಣ ಕಾಯಿಲೆ. ಸಾವಿರ ವರ್ಷ ಒಂಟಿಯಾಗಿ ಬೆಳೆದ ಈ ಕುದುರೆಗಳ ಮೈಗೆ ಹೊರಗಿನ ಕಾಯಿಲೆಗಳ ಪರಿಚಯವಿಲ್ಲ. 2010ರಲ್ಲಿ ಒಂದು ಕೆಮ್ಮಿನ ಕಾಯಿಲೆ ಬಂದು ದೇಶದ ಕುದುರೆಗಳಿಗೆಲ್ಲ ಹರಡಿತು. ಆ ವರ್ಷ ನಡೆಯಬೇಕಿದ್ದ ದೊಡ್ಡ ಕುದುರೆ ಜಾತ್ರೆ ಲ್ಯಾಂಡ್ಸ್‌ಮೋಟ್ ಅನ್ನೇ ಮುಂದಕ್ಕೆ ಹಾಕಬೇಕಾಯಿತು.

ಅದಕ್ಕೂ ದೊಡ್ಡ ಗಂಡಾಂತರವನ್ನು ಈ ತಳಿ ನೋಡಿದೆ. 1783ರಲ್ಲಿ ಲಾಕಿ ಜ್ವಾಲಾಮುಖಿ ಬಿರಿದು ತಿಂಗಳುಗಟ್ಟಲೆ ಉಗುಳಿತು. ಅದರ ಫ್ಲೋರಿನ್ ಹುಲ್ಲಿನ ಮೇಲೆ ಕೂತಿತು. ಮೇಯ್ದ ದನ, ಕುರಿ, ಕುದುರೆಗಳ ಹಲ್ಲು ಮೂಳೆಗಳು ಕೆಟ್ಟು ಅರ್ಧಕ್ಕೂ ಹೆಚ್ಚು ಸತ್ತವು. ಬರಗಾಲ ಬಂದು ಜನರಲ್ಲೂ ಐದಕ್ಕೆ ಒಬ್ಬರು ಹೋದರು. ಉಳಿದ ಅಷ್ಟಿಷ್ಟು ಕುದುರೆಗಳಿಂದಲೇ ಇಂದಿನವೆಲ್ಲ ಬಂದಿವೆ.

ವಾಪಸ್ ಬರುವಂತಿಲ್ಲ ಅನ್ನುವ ಆ ಕಾನೂನಿನ ಭಾರ ಗೊತ್ತಾಗುವುದು ವಿಶ್ವ ಚಾಂಪಿಯನ್‌ಷಿಪ್ ಬಂದಾಗ. ಎರಡು ವರ್ಷಕ್ಕೊಮ್ಮೆ, ಐಸ್‌ಲ್ಯಾಂಡಿನ ಹೊರಗೇ ನಡೆಯುತ್ತದೆ. 2025ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಆಯಿತು. ಐಸ್‌ಲ್ಯಾಂಡಿನ ಸವಾರ ತಾನು ಮರಿಯಿಂದ ಪಳಗಿಸಿದ, ತನ್ನ ಅತಿ ಒಳ್ಳೆಯ ಕುದುರೆಯನ್ನು ಕರೆದುಕೊಂಡು ಹೋಗುತ್ತಾನೆ. ಗೆಲ್ಲಲಿ ಸೋಲಲಿ, ಪಂದ್ಯ ಮುಗಿದ ಮೇಲೆ ಅದನ್ನು ಅಲ್ಲೇ ಮಾರಿ ಇಲ್ಲವೇ ಯಾರಿಗಾದರೂ ಒಪ್ಪಿಸಿ ಬರಿಗೈಯಲ್ಲಿ ಬರಬೇಕು. ಕುದುರೆಯ ಕಷ್ಟವೂ ಅಲ್ಲಿಗೆ ಮುಗಿಯುವುದಿಲ್ಲ. ಯುರೋಪಿನಲ್ಲಿ ಕಚ್ಚುವ ಸಣ್ಣ ನೊಣಗಳು ಐಸ್‌ಲ್ಯಾಂಡಿನಲ್ಲಿ ಇರಲಿಲ್ಲ. ಅವು ಕಚ್ಚಿ ಹೊಸದಾಗಿ ಹೋದ ಕುದುರೆಗಳಲ್ಲಿ ಬಹಳಷ್ಟಕ್ಕೆ ತುರಿಕೆ ಹತ್ತಿ, ಕುತ್ತಿಗೆಯ ಕೂದಲು ಉದುರಿ ಗಾಯವಾಗುತ್ತದೆ. ಅಲ್ಲೇ ಹುಟ್ಟಿದ ಅದೇ ತಳಿಯ ಮರಿಗಳಿಗೆ ಈ ತೊಂದರೆ ಅಷ್ಟಿಲ್ಲ. ತಳಿಯನ್ನು ಉಳಿಸಿದ ಕಾನೂನನ್ನು ನಾನು ತಪ್ಪು ಅನ್ನಲಾರೆ. ಆದರೆ ಒಳ್ಳೆಯ ಕುದುರೆಯನ್ನು ಪದಕಕ್ಕೋಸ್ಕರ ಮನೆಯಿಂದ ಆಚೆ ಕಳಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಕಾರು ಬಂದ ಮೇಲೆ ಐಸ್‌ಲ್ಯಾಂಡಿನಲ್ಲೂ ಕುದುರೆಗೆ ಕೆಲಸ ಹೋಯಿತು. ಆಗ ಅದನ್ನು ಉಳಿಸಿಕೊಂಡವರು ಸವಾರಿ ಸಂಘಗಳವರು. ರೇಕ್ಯವಿಕ್‌ನ ಫಾಕುರ್ ಸಂಘ ಶುರುವಾಗಿದ್ದು 1922ರಲ್ಲಿ. ಮೊದಲ ಲ್ಯಾಂಡ್ಸ್‌ಮೋಟ್ ನಡೆದದ್ದು 1950ರಲ್ಲಿ, ಹಳೆಯ ಆಲ್ಥಿಂಗ್ ಸೇರುತ್ತಿದ್ದ ಥಿಂಗ್‌ವೆಟ್ಲಿರ್ ಬಯಲಿನಲ್ಲೇ. ಸ್ಪರ್ಧೆಗಳು ಇಲ್ಲದಿದ್ದರೆ ಟೋಲ್ಟ್ ಇವತ್ತು ಇರುತ್ತಿತ್ತೋ ಇಲ್ಲವೋ. ಆ ಋಣ ಇದೆ.

ಆದರೂ ಒಂದು ಭಯವೂ ಇದೆ. ದಿನವಿಡೀ ಕೂರುವವನು ಕುದುರೆಯನ್ನು ಆರಿಸುವಾಗ ತೀರ್ಪು ಕೊಡುವುದು ಅವನ ಬೆನ್ನು. ಸ್ಪರ್ಧೆಯಲ್ಲಿ ತೀರ್ಪು ಕೊಡುವುದು ಹೊರಗೆ ನಿಂತವರ ಕಣ್ಣು. ಕಣ್ಣಿಗೆ ಮುಂಗಾಲು ಎತ್ತರಕ್ಕೆ ಎತ್ತಿದರೆ ಚೆಂದ. ಈ ಆಸೆ ಮಿತಿ ಮೀರಿದರೆ ಏನಾಗುತ್ತದೆ ಅನ್ನೋದಕ್ಕೆ ಟೆನೆಸ್ಸಿ ವಾಕರ್ ಕುದುರೆಯ ಕಥೆ ಸಾಕು. ಅದೂ ಹುಟ್ಟಿನಿಂದಲೇ ಮೆತ್ತನೆಯ ನಡೆಯ, ಸೌಮ್ಯ ಸ್ವಭಾವದ ಕುದುರೆ. ಪ್ರದರ್ಶನದಲ್ಲಿ ಮುಂಗಾಲು ಇನ್ನೂ ಎತ್ತರ ಏಳಲಿ ಅಂತ ಕೆಲವರು ಅದರ ಗೊರಸಿನ ಮೇಲ್ಭಾಗದ ಚರ್ಮಕ್ಕೆ ಸುಡುವ ರಾಸಾಯನಿಕ ಹಚ್ಚಿ, ಮೇಲೆ ಸರಪಳಿ ಕಟ್ಟಿ, ಪ್ರತಿ ಹೆಜ್ಜೆಗೂ ನೋಯುವ ಹಾಗೆ ಮಾಡಿದರು. ನೆಲ ಮುಟ್ಟಿದರೆ ನೋವು, ಅದಕ್ಕೆ ಕಾಲು ಎತ್ತುತ್ತದೆ. ಇದನ್ನು ತಡೆಯೋಕೆ ಅಮೆರಿಕ 1970ರಲ್ಲೇ ಕಾನೂನು ಮಾಡಿತು. ಪೂರ್ತಿ ನಿಲ್ಲಿಸೋಕೆ ಮಾತ್ರ ಇಂದಿನ ತನಕ ಜಗ್ಗಾಡುತ್ತಿದ್ದಾರೆ. ಇದನ್ನು ಓದುವಾಗ ನನಗೆ ಹೊಟ್ಟೆ ಕಿವುಚುತ್ತದೆ.

ಐಸ್‌ಲ್ಯಾಂಡಿನವರು ಆ ದಾರಿಗೆ ಹೋಗಿಲ್ಲ. ಸ್ಪರ್ಧೆಯ ಕುದುರೆಗಳ ಬಾಯಿಯನ್ನು ಪಶುವೈದ್ಯರು ಪರೀಕ್ಷೆ ಮಾಡುತ್ತಾರೆ. ಒಂದು ಬಗೆಯ ಕಡಿವಾಣದಿಂದ ದವಡೆಯ ಮೇಲೆ ಗಾಯವಾಗುತ್ತಿದೆ ಅಂತ ಕಂಡಾಗ ಅದನ್ನು ಸ್ಪರ್ಧೆಗಳಿಂದ ಆಚೆ ಹಾಕಿದರು. ಇನ್ನೊಂದು ಸ್ಪರ್ಧೆ ಇದೆ, ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾಗಿದ್ದು ಅದೇ. ಸವಾರ ಲಗಾಮನ್ನು ಒಂದೇ ಕೈಯಲ್ಲಿ ಸಡಿಲವಾಗಿ ಬಿಡಬೇಕು, ಕುದುರೆಯ ಬಾಯಿಗೆ ಎಳೆತ ತಾಗಲೇಬಾರದು. ಹಾಗೆ ಬಿಟ್ಟ ಮೇಲೂ ಕುದುರೆ ತಾನಾಗಿಯೇ ಟೋಲ್ಟ್‌ನಲ್ಲಿ, ಅದೇ ತಾಳದಲ್ಲಿ ಹೋಗಬೇಕು. ಬಿಗಿ ಹಿಡಿದು ಮಾಡಿಸಿದ್ದು ಯಾವುದು, ಕುದುರೆಗೆ ಒಲಿದು ಬಂದಿದ್ದು ಯಾವುದು ಅಂತ ಅಲ್ಲಿ ಎಲ್ಲರಿಗೂ ಕಾಣುತ್ತದೆ.

ಯಾರಾದರೂ ಆ ಕಡೆ ಹೋಗುವವರಿದ್ದರೆ ಒಂದೆರಡು ಮಾತು. ನೀವು ಬೇರೆ ಕಡೆ ಬಳಸಿದ ಜೀನು, ಲಗಾಮು, ಸವಾರಿಯ ಕೈಗವಸು ತೆಗೆದುಕೊಂಡು ಹೋಗಬೇಡಿ, ಒಳಗೆ ಬಿಡುವುದಿಲ್ಲ. ಬಟ್ಟೆ, ಬೂಟುಗಳನ್ನು ತೊಳೆದು ಸೋಂಕು ಕಳೆದೇ ಒಯ್ಯಬೇಕು. ಅದನ್ನು ಕಿರಿಕಿರಿ ಅಂದುಕೊಳ್ಳಬೇಡಿ. ಸೆಪ್ಟೆಂಬರ್ ಕೊನೆಗೆ ಹೋದರೆ ಸ್ಕಾಗಾಫ್ಯೋರ್ದುರ್‌ನ ಲಾಯ್ಫ್‌ಸ್ಕಾಲಾರೆಟ್‌ನಲ್ಲಿ ಬೆಟ್ಟದಿಂದ ಕುದುರೆಗಳನ್ನು ನೂರಾರು ಸಂಖ್ಯೆಯಲ್ಲಿ ಇಳಿಸಿ ದೊಡ್ಡಿಗೆ ಸೇರಿಸುವುದನ್ನು ನೋಡಬಹುದು. ಅದಾದ ಮೇಲೆ ಯಾವುದಾದರೂ ಸಣ್ಣ ಕುದುರೆ ಮನೆಗೆ ಹೋಗಿ. ಫೋಟೋ ಆಮೇಲೆ ತೆಗೆಯಬಹುದು. ಅವರು ಕೊಡುವ ಮುದಿ ಕುದುರೆಯನ್ನು ಖುಷಿಯಿಂದ ಒಪ್ಪಿಕೊಳ್ಳಿ, ಕಲಿಸುವುದು ಅದೇ. ಕಾಲಲ್ಲಿ ಹೊಟ್ಟೆ ಒತ್ತಬೇಡಿ, ಕೈ ಹಗುರವಾಗಿರಲಿ, ನಾಲ್ಕು ಪೆಟ್ಟು ಸಮನಾಗಿ ಕೇಳುವ ತನಕ ಸುಮ್ನೆ ಕೂತಿರಿ.